ಡೀಪ್ ಪರ್ಪಲ್‌ನ 'ಮೇಡ್ ಇನ್ ಜಪಾನ್' ಪ್ಲೇಟಲ್ಲಿ ಮತ್ತೆ ಕೇಳೋಕೆ ಕೂತ್ಕೊಳ್ಳೋರಿಗೆ

ಇಂಗ್ಲೆಂಡಿನ ರಾಕ್ ಬ್ಯಾಂಡ್ ಡೀಪ್ ಪರ್ಪಲ್ ಜಪಾನಲ್ಲಿ ಜನರ ಮುಂದೆ ನುಡಿಸಿದ ಈ ಲೈವ್ ಆಲ್ಬಂ ನಾನು ಮೊದಲು ಕೇಳಿದ್ದು ಕ್ಯಾಸೆಟ್ಟಲ್ಲಿ. ದೊಡ್ಡಪ್ಪನ ಮಗ ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದ್ತಿದ್ದಾಗ ಹಾಸ್ಟೆಲಲ್ಲಿ ಯಾರದೋ ಪ್ಲೇಟಿಂದ ಕಾಪಿ ಮಾಡ್ಕೊಂಡು ಹಬ್ಬಕ್ಕೆ ಊರಿಗೆ ಬರುವಾಗ ತಂದಿದ್ದ ಸಿ-60 ಕ್ಯಾಸೆಟ್ಟು ಅದು. ಲೆಕ್ಕ ಹಾಕಿ, ಆಲ್ಬಂ ಇರೋದು ಸುಮಾರು 76 ನಿಮಿಷ, ಟೇಪ್ ಇರೋದು ಸೈಡಿಗೆ 30 ನಿಮಿಷ. ಹಂಗಾಗಿ ಮೊದಲ ಸೈಡಲ್ಲಿ 'ಹೈವೇ ಸ್ಟಾರ್', 'ಚೈಲ್ಡ್ ಇನ್ ಟೈಮ್', 'ಸ್ಮೋಕ್ ಆನ್ ದ ವಾಟರ್' ಬಂದು ಜಾಗ ಮುಗೀತು, 'ದ ಮ್ಯೂಲ್' ಇರ್ಲೇ ಇಲ್ಲ. ಎರಡನೇ ಸೈಡಲ್ಲಿ 'ಸ್ಟ್ರೇಂಜ್ ಕೈಂಡ್ ಆಫ್ ವುಮನ್', 'ಲೇಜಿ' ಆದ್ಮೇಲೆ 'ಸ್ಪೇಸ್ ಟ್ರಕಿನ್' ಶುರುವಾಗಿ ಹತ್ತು ನಿಮಿಷಕ್ಕೆ, ಜಾನ್ ಲಾರ್ಡ್ ಆರ್ಗನ್ ನುಡಿಸ್ತಾ ಇರೋವಾಗ್ಲೇ, ಕಟಕ್ ಅಂತ ನಿಲ್ತಿತ್ತು. ಆ ಹಾಡು ಮುಂದೆ ಏನಾಗತ್ತೆ ಅಂತ ನನಗೆ ಎಷ್ಟೋ ವರ್ಷ ಗೊತ್ತೇ ಇರ್ಲಿಲ್ಲ.

ಆಮೇಲೆ ಸಿಡಿ ಬಂತು, ಎಂಪಿತ್ರೀ ಬಂತು, ಈಗ ಫೋನಲ್ಲೇ ಎಲ್ಲಾ ಸಿಗತ್ತೆ. ಆದ್ರೆ ನಾಲ್ಕು ವರ್ಷದ ಹಿಂದೆ ಎರಡು ಪ್ಲೇಟಿನ ಸೆಟ್ ಕೈಗೆ ಸಿಕ್ಕಿ, ಅದನ್ನ ತೊಳೆದು, ಮುಳ್ಳು (ಪ್ಲೇಟಿನ ಮೇಲೆ ಓಡೋ ಸೂಜಿ) ಸರಿ ಮಾಡ್ಕೊಂಡು ಕೇಳಿದ್ಮೇಲೆ ಅನಿಸಿದ್ದು ಏನಂದ್ರೆ, ಇದು ನಾಲ್ಕು ಸೈಡಿಗೆ ಅಂತಾನೇ ಜೋಡಿಸಿದ ಆಲ್ಬಂ, ಹಂಗೇ ಕೇಳಿದ್ರೆ ಅದರ ಮಜಾನೇ ಬೇರೆ. ಮನೇಲಿ ಅಪ್ಪನದೋ ಮಾವನದೋ ಪ್ಲೇಯರ್ ಅಟ್ಟದ ಮೇಲೆ ಕೂತಿರೋರು, ಹಳೇ ರಾಕ್ ಬ್ಯಾಂಡಿನ ಲೈವ್ ಪ್ಲೇಟು ಮತ್ತೆ ಕೇಳ್ಬೇಕು ಅನ್ನೋ ಆಸೆ ಇರೋರಿಗೆ ನಾನು ಮಾಡಿದ್ದನ್ನೆಲ್ಲ ಬರೀತೀನಿ.

ಮೊದ್ಲು ಪ್ಲೇಟಲ್ಲಿ ಏನಿದೆ ಅಂತ ತಿಳ್ಕೊಂಡು ಹೊರಡಿ. 1972ರ ಆಗಸ್ಟ್ 15 ಮತ್ತು 16 ಒಸಾಕಾದ ಫೆಸ್ಟಿವಲ್ ಹಾಲ್, 17 ಟೋಕಿಯೋದ ಬುಡೋಕಾನ್, ಒಟ್ಟು ಮೂರು ರಾತ್ರಿ. ಹಾಡೋದು ಇಯಾನ್ ಗಿಲನ್, ಗಿಟಾರ್ ರಿಚಿ ಬ್ಲ್ಯಾಕ್‌ಮೋರ್, ಆರ್ಗನ್ ಜಾನ್ ಲಾರ್ಡ್, ಬೇಸ್ ಗಿಟಾರ್ ರೋಜರ್ ಗ್ಲೋವರ್, ಡ್ರಮ್ ಇಯಾನ್ ಪೇಸ್. ರೆಕಾರ್ಡ್ ಮಾಡಿದ್ದು ಮಾರ್ಟಿನ್ ಬರ್ಚ್, ಬರೀ ಎಂಟು ಟ್ರ್ಯಾಕಿನ ಮಿಷನ್ನಲ್ಲಿ, ಅಂದ್ರೆ ಒಂದು ಸಲಕ್ಕೆ ಎಂಟೇ ಸದ್ದು ಬೇರೆ ಬೇರೆಯಾಗಿ ಹಿಡಿಯೋದು. ಮುಂದೆ ಐರನ್ ಮೇಡನ್ ಬ್ಯಾಂಡಿನ ಆಲ್ಬಂಗಳನ್ನ ಪ್ರೊಡ್ಯೂಸ್ ಮಾಡಿದ್ದು ಇದೇ ಮನುಷ್ಯ, 2007ರಲ್ಲಿ ಬೆಂಗಳೂರಿನ ಪ್ಯಾಲೇಸ್ ಗ್ರೌಂಡ್ಸಲ್ಲಿ ಮೇಡನ್ ನೋಡೋಕೆ ನಿಂತಿದ್ದವರಿಗೆ ಆ ಹೆಸರು ಗೊತ್ತಿರತ್ತೆ. ಬ್ಯಾಂಡಿನವರಿಗೆ ಲೈವ್ ಆಲ್ಬಂ ಮಾಡೋ ಉತ್ಸಾಹನೇ ಇರ್ಲಿಲ್ಲ, ಜಪಾನ್ ಕಂಪನಿಯವರು ಕೇಳಿದ್ರು ಅಂತ ಅಲ್ಲಿಗೆ ಮಾತ್ರ ಅಂತ ಒಪ್ಕೊಂಡಿದ್ದು. ಕೇಳಿದ್ಮೇಲೆ ಚೆನ್ನಾಗಿದೆ ಅನಿಸಿ 1972ರ ಡಿಸೆಂಬರಲ್ಲಿ ಇಂಗ್ಲೆಂಡಲ್ಲಿ ಬಿಟ್ರು, 1973ರಲ್ಲಿ ಅಮೆರಿಕಾದಲ್ಲಿ. ಜಪಾನಲ್ಲಿ ಅದರ ಹೆಸರು 'ಲೈವ್ ಇನ್ ಜಪಾನ್', ಕವರ್ ಕೂಡ ಬೇರೆ. ಆಮೇಲೆ ಸ್ಟುಡಿಯೋದಲ್ಲಿ ತೇಪೆ ಹಚ್ಚಿಲ್ಲ, ಅವತ್ತು ನುಡಿಸಿದ್ದೇ ಪ್ಲೇಟಲ್ಲಿರೋದು.

ಏಳೇ ಹಾಡು. 'ಸ್ಮೋಕ್ ಆನ್ ದ ವಾಟರ್' ಒಂದೇ ಮೊದಲ ರಾತ್ರಿದು. 'ದ ಮ್ಯೂಲ್', 'ಲೇಜಿ' ಟೋಕಿಯೋದ್ದು. ಉಳಿದ ನಾಲ್ಕೂ ಎರಡನೇ ರಾತ್ರಿ ಒಸಾಕಾದ್ದು. ಇದನ್ನ ಒಂದು ಚೀಟಿಲಿ ಬರ್ಕೊಂಡು ಕವರ್ ಒಳಗೆ ಇಟ್ಕೊಳ್ಳಿ, ಕೇಳೋವಾಗ ಬೇಕಾಗತ್ತೆ.

ಈಗ ಕೊಳ್ಳೋ ವಿಷಯ. ಇಂಗ್ಲೆಂಡಿನ ಮೊದಲ ಪ್ಲೇಟು ಪರ್ಪಲ್ ರೆಕಾರ್ಡ್ಸ್ ಲೇಬಲ್ಲು, ನಂಬರ್ ಟಿಪಿಎಸ್‌ಪಿ 351. ಅಮೆರಿಕಾದ್ದು ವಾರ್ನರ್ ಬ್ರದರ್ಸ್, 2ಡಬ್ಲ್ಯೂಎಸ್ 2701. ಕವರ್ ಮೇಲಿನ ನಂಬರ್ ನಂಬ್ಕೊಂಡು ದುಡ್ಡು ಕೊಡ್ಬೇಡಿ, ಹಳೇ ಕವರಲ್ಲಿ ಬೇರೆ ಪ್ಲೇಟು ಹಾಕಿರೋದು ಎಷ್ಟೋ ಸಲ ಆಗತ್ತೆ. ಪ್ಲೇಟನ್ನೇ ಹೊರಗೆ ತೆಗೆದು ಲೇಬಲ್ ನೋಡಿ, ಹಾಡು ಮುಗಿದು ಲೇಬಲ್ ಶುರುವಾಗೋ ಮಧ್ಯದ ಖಾಲಿ ಜಾಗದಲ್ಲಿ ಕೆತ್ತಿರೋ ನಂಬರನ್ನೂ ಫೋನ್ ಟಾರ್ಚಲ್ಲಿ ನೋಡಿ. ಎರಡೂ ಪ್ಲೇಟು ಒಂದೇ ಸೆಟ್ಟಿಂದಾ ಅಂತ ತಿಳಿಯೋದು ಅಲ್ಲೇ. ನಾನು ಮೊದಲ ಸಲ ಒಂದು ಅಂಗಡಿಲಿ ಎರಡು ಪ್ಲೇಟಿನ ಸೆಟ್ ಅಂತ ತಗೊಂಡು ಮನೆಗೆ ಬಂದು ನೋಡಿದ್ರೆ ಎರಡೂ ಮೊದಲನೇ ಪ್ಲೇಟೇ, 'ಸ್ಪೇಸ್ ಟ್ರಕಿನ್' ಮತ್ತೆ ತಪ್ಪಿಹೋಗಿತ್ತು. ಅವತ್ತಿನ ಬೇಜಾರು ಇನ್ನೂ ಮರ್ತಿಲ್ಲ. ವಾಪಸ್ ಕೊಟ್ಟು ದುಡ್ಡು ಇಸ್ಕೊಳ್ಳೋಕೆ ಎರಡು ವಾರ ಓಡಾಡ್ದೆ.

ಹೊಸ ಪ್ಲೇಟೇ ಬೇಕು ಅನ್ನೋರು ಒಂದು ವಿಷಯ ಗಮನಿಸಿ. 2014ರಲ್ಲಿ ದೊಡ್ಡದಾಗಿ ಮತ್ತೆ ಬಿಟ್ರು, 2025ರಲ್ಲಿ ಸ್ಟೀವನ್ ವಿಲ್ಸನ್ ಅನ್ನೋ ಸಂಗೀತಗಾರ ಮೂಲ ಟೇಪಿಂದ ಹೊಸದಾಗಿ ಮಿಕ್ಸ್ ಮಾಡಿರೋದು ಬಂತು. ಹೊಸ ಮಿಕ್ಸ್ ಅಂದ್ರೆ ಹಳೇದೇ ಸ್ವಲ್ಪ ಪಾಲಿಶ್ ಮಾಡಿದ್ದು ಅಂತ ಅಲ್ಲ, ಯಾವ ವಾದ್ಯ ಎಷ್ಟು ಜೋರಾಗಿ ಎಲ್ಲಿಂದ ಕೇಳ್ಬೇಕು ಅನ್ನೋದನ್ನ ಮೊದಲಿಂದ ಮತ್ತೆ ತೀರ್ಮಾನ ಮಾಡಿರೋದು. ಕ್ಯಾಸೆಟ್ ಕಾಲದಿಂದ ಕಿವಿಲಿ ಕೂತಿರೋ ಸದ್ದೇ ಬೇಕು ಅಂದ್ರೆ ಹಳೇ ಮಿಕ್ಸ್ ಇರೋದನ್ನ ಕೇಳಿ ತಗೊಳ್ಳಿ. ನನ್ನ ಓಟು ಹಳೇ ಮಿಕ್ಸಿಗೆ, ಮೊದಲ ಸಲಕ್ಕೆ ಅದನ್ನೇ ಕೇಳಿ ಅಂತೀನಿ.

ಹಳೇ ಪ್ಲೇಟಿಗೆ ಬೆಂಗಳೂರಲ್ಲಿ ಭಾನುವಾರ ಬೆಳಿಗ್ಗೆ ಸಂಡೇ ಬಜಾರ್ ಒಂದು ಸುತ್ತು ಹಾಕಿ, ಬೇಗ ಹೋಗಿ. ಅಲ್ಲಿ ಹಾಕಿ ಕೇಳೋಕೆ ಮಿಷನ್ ಇರಲ್ಲ, ಅದಕ್ಕೆ ಕಣ್ಣಲ್ಲೇ ನೋಡ್ಬೇಕು. ಬಿಸಿಲಿಗೆ ಓರೆ ಹಿಡಿದು ತಿರುಗಿಸಿ. ಕೂದಲೆಳೆ ಥರ ಮೇಲ್ಮೇಲೆ ಇರೋ ಗೀರು ಪರವಾಗಿಲ್ಲ, ಉಗುರು ಆಡಿಸಿದ್ರೆ ಟಕ್ ಅಂತ ಸಿಗೋ ಗೀರು ಬೇಡ, ಅಲ್ಲಿ ಮುಳ್ಳು ಹಾರತ್ತೆ ಇಲ್ಲಾ ಅಲ್ಲೇ ಸುತ್ತತ್ತೆ. ಕಣ್ಣಿನ ಮಟ್ಟಕ್ಕೆ ಹಿಡಿದು ಪ್ಲೇಟು ಬಾಗಿದೆಯಾ ನೋಡಿ. ಬೂದು ಬಣ್ಣದ ಚುಕ್ಕೆ ಚುಕ್ಕೆ ಇದ್ರೆ ಅದು ಬೂಸ್ಟು, ಮಲೆನಾಡು ಕರಾವಳಿ ಕಡೆ ಮನೆಗಳಿಂದ ಬಂದ ಪ್ಲೇಟಲ್ಲಿ ಜಾಸ್ತಿ, ಅದು ತೊಳೆದ್ರೆ ಸುಮಾರು ಹೋಗತ್ತೆ. ಆದ್ರೆ ಕಪ್ಪು ಮಾಸಿ ಬೂದಿ ಬಣ್ಣಕ್ಕೆ ತಿರುಗಿರೋ ಪ್ಲೇಟು ಸವೆದ ಮುಳ್ಳಲ್ಲಿ ಸಾವಿರ ಸಲ ಓಡಿರೋದು, ಏನು ತೊಳೆದ್ರೂ ವಾಪಸ್ ಬರಲ್ಲ.

ತೊಳೆಯೋದನ್ನ ಮಾತ್ರ ದಯವಿಟ್ಟು ಬಿಡ್ಬೇಡಿ. ಲೈವ್ ರೆಕಾರ್ಡಲ್ಲಿ ಮೆತ್ತಗಿನ ಜಾಗಗಳು ತುಂಬಾ ಇರತ್ತೆ, ಜನ ಉಸಿರು ಬಿಗಿ ಹಿಡಿದು ಕೂತಿರೋ ಹಾಲಿನ ಮೌನ ಇರತ್ತೆ. 'ಚೈಲ್ಡ್ ಇನ್ ಟೈಮ್' ಶುರುವಲ್ಲಿ ಬರೀ ಆರ್ಗನ್, ಅದರ ಮೇಲೆ ಗಿಲನ್ ಪಿಸುಮಾತಿನ ಥರ ಹಾಡೋದು. ಅಲ್ಲಿ ಧೂಳಿನ ಚಟಪಟ ಕೇಳ್ತಾ ಇದ್ರೆ ಒಸಾಕಾನೂ ಇಲ್ಲ ಏನೂ ಇಲ್ಲ, ಒಗ್ಗರಣೆ ಸಿಡಿದಂಗೆ ಇರತ್ತೆ. ನಾನು ಮಾಡೋದು ಹೀಗೆ: ಡಿಸ್ಟಿಲ್ಡ್ ವಾಟರ್ ಒಂದು ಲೀಟರ್ (ಇನ್ವರ್ಟರ್ ಬ್ಯಾಟರಿಗೆ ಹಾಕೋದೇ, ಹಾರ್ಡ್‌ವೇರ್ ಅಂಗಡಿಲೂ ಸಿಗತ್ತೆ), ಅದಕ್ಕೆ ಸುಮಾರು ಕಾಲು ಭಾಗ ಐಸೋಪ್ರೊಪೈಲ್ ಆಲ್ಕೋಹಾಲ್, ಪಾತ್ರೆ ತೊಳೆಯೋ ಲಿಕ್ವಿಡ್ ಎರಡೇ ಎರಡು ಹನಿ. ನಲ್ಲಿ ನೀರು ಬೇಡ, ಅದರಲ್ಲೂ ಬೋರ್‌ವೆಲ್ ನೀರು ಖಂಡಿತ ಬೇಡ, ಸ್ನಾನದ ಮನೆ ಬಕೆಟ್ಟಲ್ಲಿ ಬಿಳಿ ಉಪ್ಪು ಕಟ್ಟತ್ತಲ್ಲ, ಅದೇ ಪ್ಲೇಟಿನ ಹಾಡು ಕೆತ್ತಿರೋ ಗೆರೆಗಳ ಒಳಗೂ ಕಟ್ಟತ್ತೆ. ಮೆತ್ತಗಿನ ಮೈಕ್ರೋಫೈಬರ್ ಬಟ್ಟೆ ಒದ್ದೆ ಮಾಡಿ ಗೆರೆ ಹೋಗೋ ದಿಕ್ಕಲ್ಲೇ ಸುತ್ತಾ ಒರೆಸಿ, ಅಡ್ಡಡ್ಡ ಉಜ್ಜಬೇಡಿ, ಲೇಬಲ್ಲಿಗೆ ನೀರು ತಾಗಿಸ್ಬೇಡಿ. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಲ್ಲಿ ಇನ್ನೊಂದು ಬಟ್ಟೆ ತಗೊಂಡು ಮತ್ತೊಂದು ಸಲ, ಈ ಎರಡನೇ ಸಲ ಬಿಟ್ರೆ ಸೋಪಿನ ಅಂಟು ಒಳಗೇ ಉಳಿದು ಮುಳ್ಳಿಗೆ ಮೆತ್ಕೊಳತ್ತೆ. ಪಾತ್ರೆ ಸ್ಟ್ಯಾಂಡಲ್ಲಿ ನಿಲ್ಲಿಸಿ ನೆರಳಲ್ಲಿ ಒಣಗಿಸಿ, ಬಿಸಿಲು ಬೇಡ, ಬಾಗತ್ತೆ. ಅಜ್ಜನ ಕಾಲದ, ನಿಮಿಷಕ್ಕೆ 78 ಸುತ್ತು ತಿರುಗೋ 78 ಆರ್‌ಪಿಎಂ ಪ್ಲೇಟಿಗೆ ಈ ಮಿಶ್ರಣ ಹಾಕಲೇಬೇಡಿ, ಅದು ಅರಗಿನದು, ಆಲ್ಕೋಹಾಲ್ ತಾಗಿದ್ರೆ ಕರಗತ್ತೆ. ತೊಳೆದ ಪ್ಲೇಟನ್ನ ಹಳೇ ಒಳಕವರಿಗೆ ವಾಪಸ್ ಹಾಕಿದ್ರೆ ಮಾಡಿದ ಕೆಲಸ ಎಲ್ಲಾ ದಂಡ, ಹೊಸ ಒಳಕವರ್ ತರಿಸಿಟ್ಕೊಳ್ಳಿ.

ಇನ್ನು ಪ್ಲೇಯರ್. ಅಮೆರಿಕಾದಿಂದ ಅಕ್ಕನೋ ಭಾವನೋ ಹಳೇ ಟರ್ನ್‌ಟೇಬಲ್ ತಂದು ಕೊಟ್ಟಿದ್ರೆ ಒಂದು ಸಮಸ್ಯೆ ಬರಬಹುದು. 110 ವೋಲ್ಟಿಗೆ ಟ್ರಾನ್ಸ್‌ಫಾರ್ಮರ್ ಹಾಕಿದ್ರೆ ಆಯ್ತು ಅನ್ಕೋತೀವಿ, ಆದ್ರೆ ಅಲ್ಲಿ ಕರೆಂಟು 60 ಹರ್ಟ್ಜ್, ನಮ್ಮಲ್ಲಿ 50. ಕರೆಂಟಿನ ತಾಳಕ್ಕೇ ತಿರುಗೋ ಮೋಟರ್ ಇರೋ ಪ್ಲೇಯರ್ ಆದ್ರೆ ಇಲ್ಲಿ ಆರಕ್ಕೆ ಐದು ಪಾಲು ಸ್ಪೀಡಲ್ಲಿ ಮಾತ್ರ ಓಡತ್ತೆ, ಟ್ರಾನ್ಸ್‌ಫಾರ್ಮರ್ ಇದನ್ನ ಸರಿ ಮಾಡಲ್ಲ, ಮೋಟರ್ ಪುಲ್ಲಿ ಬದಲಾಯಿಸ್ಬೇಕು. ಕ್ವಾರ್ಟ್ಜ್ ಡೈರೆಕ್ಟ್ ಡ್ರೈವ್ (ಕ್ವಾರ್ಟ್ಜ್ ಗಡಿಯಾರದ ಥರ ತಾನೇ ಸ್ಪೀಡ್ ಕಾಯೋ ಮೋಟರ್) ಆದ್ರೆ ಈ ತೊಂದರೆ ಇಲ್ಲ. ಕಂಡು ಹಿಡಿಯೋದು ಸುಲಭ, 'ಸ್ಮೋಕ್ ಆನ್ ದ ವಾಟರ್' ಇರೋದು ಜಿ ಮೈನರಲ್ಲಿ, ಮನೇಲಿ ಗಿಟಾರೋ ಕೀಬೋರ್ಡೋ ಹಾರ್ಮೋನಿಯಮ್ಮೋ ಇದ್ರೆ ಸ್ವರ ಹಿಡಿದು ನೋಡಿ. ಜಿ ಇರೋ ಕಡೆ ಹತ್ತತ್ರ ಇ ಕೇಳಿಸಿದ್ರೆ ಮೂರು ಮನೆ ಕೆಳಗಿದೆ, ಅಂದ್ರೆ ಇದೇ ಕಾಯಿಲೆ. ಇಲ್ಲಾಂದ್ರೆ ಫೋನಲ್ಲಿ ಆರ್‌ಪಿಎಂ ನೋಡೋ ಆಪ್ ಹಾಕ್ಕೊಂಡು ಫೋನನ್ನ ಪ್ಲೇಯರಿನ ತಿರುಗೋ ತಟ್ಟೆ ಮೇಲೆ ಇಟ್ಟು ತಿರುಗಿಸಿ, 33⅓ ಹತ್ರ ಇರ್ಬೇಕು.

ಮುಳ್ಳಿನ ಭಾರ ಅಂದಾಜಲ್ಲಿ ಇಡ್ಬೇಡಿ. ಕಾರ್ಟ್ರಿಡ್ಜ್ (ಮುಳ್ಳು ಕೂರೋ ಚಿಕ್ಕ ಡಬ್ಬಿ) ಕಂಪನಿ ಹೇಳಿರೋ ತೂಕ ಇರತ್ತೆ, ಸಾಮಾನ್ಯ ಮ್ಯಾಗ್ನೆಟ್ ಕಾರ್ಟ್ರಿಡ್ಜಿಗೆ ಒಂದೂವರೆಯಿಂದ ಎರಡು ಗ್ರಾಂ ಹತ್ರ. ಅದಕ್ಕೇ ಅಂತ ಚಿಕ್ಕ ಡಿಜಿಟಲ್ ತಕ್ಕಡಿ ಸಿಗತ್ತೆ, ಒಂದು ತಗೊಳ್ಳಿ. ಕಡಿಮೆ ಭಾರ ಇಟ್ರೆ ಪ್ಲೇಟಿಗೆ ಒಳ್ಳೇದು ಅನ್ನೋದು ತಪ್ಪು ತಿಳುವಳಿಕೆ, ಭಾರ ಕಡಿಮೆ ಆದ್ರೆ ಜೋರಾದ ಜಾಗದಲ್ಲಿ ಮುಳ್ಳು ಗೆರೆ ಒಳಗೆ ಗಟ್ಟಿಯಾಗಿ ಕೂರದೆ ಗೋಡೆಗೆ ಬಡ್ಕೊಂಡು ಹೆಚ್ಚು ಹಾಳು ಮಾಡತ್ತೆ. ಹಳೇ ಪ್ಲೇಯರ್ ಆದ್ರೆ ಮುಳ್ಳು ಕಣ್ಣುಮುಚ್ಚಿ ಹೊಸದು ಹಾಕಿ, ಎಷ್ಟು ಗಂಟೆ ಓಡಿದೆ ಅಂತ ಯಾರಿಗೂ ಗೊತ್ತಿರಲ್ಲ.

ಈ ಆಲ್ಬಮ್ಮಿಗೆ ಮುಳ್ಳು ಕೂರಿಸೋ ಕೋನ ಯಾಕೆ ಅಷ್ಟು ಮುಖ್ಯ ಅಂದ್ರೆ, ಪ್ಲೇಟಿನ ಹೊರ ಅಂಚಲ್ಲಿ ಗೆರೆ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡತ್ತೆ, ಲೇಬಲ್ ಹತ್ರ ಬಂದಾಗ ಅದರ ಅರ್ಧಕ್ಕಿಂತ ಕಡಿಮೆ. ಅಷ್ಟೇ ಸಂಗೀತ ಕಡಿಮೆ ಜಾಗದಲ್ಲಿ ಇಕ್ಕಟ್ಟಾಗಿ ಕೂತಿರತ್ತೆ, ಒರಟಾಗಿ ಒಡೆದ ಹಾಗೆ ಕೇಳೋದು ಅಲ್ಲೇ. ಮೊದಲ ಸೈಡಲ್ಲಿ ಹನ್ನೆರಡು ನಿಮಿಷದ 'ಚೈಲ್ಡ್ ಇನ್ ಟೈಮ್' ಇರೋದು ಎರಡನೇದಾಗಿ, ಅಂದ್ರೆ ಗಿಲನ್ ಗಂಟಲು ಬಿಚ್ಚಿ ಕಿರುಚೋ ಕೊನೇ ಭಾಗ ಬರೋದು ಲೇಬಲ್ ಪಕ್ಕದ ಅತೀ ಕಷ್ಟದ ಜಾಗದಲ್ಲಿ. ಕಾರ್ಟ್ರಿಡ್ಜ್ ಕೋನ ಸರಿ ಇಲ್ಲಾಂದ್ರೆ ಆ ಕಿರುಚು ಗರಗಸದ ಥರ ಇರತ್ತೆ, ಜನ ಪ್ಲೇಟು ಹಾಳಾಗಿದೆ ಅಂತ ಎತ್ತಿಟ್ಟು ಬಿಡ್ತಾರೆ. ಅಲೈನ್‌ಮೆಂಟ್ ಪ್ರೊಟ್ರ್ಯಾಕ್ಟರ್ (ಕೋನ ಸರಿ ಮಾಡ್ಕೊಳ್ಳೋ ಅಳತೆಯ ಚಿತ್ರ) ಅಂತ ಹುಡುಕಿ, ಕಾಗದದಲ್ಲಿ ಪ್ರಿಂಟ್ ತೆಗೆದು (ಸೈಜು ಹಿಗ್ಗದ ಹಾಗೆ ನೂರಕ್ಕೆ ನೂರು ಇಟ್ಟು), ಎರಡೂ ಚುಕ್ಕೆಲಿ ಕಾರ್ಟ್ರಿಡ್ಜ್ ಗೆರೆಗೆ ಸಮ ಬರೋವರೆಗೂ ಸ್ಕ್ರೂ ಸಡಿಲ ಮಾಡಿ ಜರುಗಿಸ್ತಾ ಇರಿ. ನನಗೆ ಒಂದು ಇಡೀ ಸಂಜೆ ಹಿಡೀತು. ಆಮೇಲೆ ಹಾಕಿದಾಗ ಆ ಕೊನೇ ಕೂಗು ಸೀಳದೆ ಬರೀ ಗಂಟಲಾಗಿ ಬಂತು, ನಾನು ಎದ್ದು ನಿಂತ್ಬಿಟ್ಟೆ. ಉದ್ದುದ್ದ ಮೊನೆ ಇರೋ ಎಲಿಪ್ಟಿಕಲ್ ಮುಳ್ಳು ಹಾಕ್ಕೊಂಡ್ರೆ ಇನ್ನೂ ವಾಸಿ, ದುಂಡು ಮೊನೇದಕ್ಕಿಂತ ಈ ಇಕ್ಕಟ್ಟಿನ ಜಾಗದಲ್ಲಿ ಅದು ಚೆನ್ನಾಗಿ ಓದತ್ತೆ.

ಸದ್ದೇ ಸಣ್ಣದಾಗಿ ತಗಡಿನ ಹಾಗೆ ಬಂದ್ರೆ ಮುಳ್ಳಿಂದ ಬರೋ ಸಣ್ಣ ಸದ್ದನ್ನ ಏರಿಸಿ ಸರಿ ಮಾಡೋ ಫೋನೋ ಪ್ರೀಆಂಪ್ ಇಲ್ಲ ಅಂತ ಅರ್ಥ, ಆಂಪ್ಲಿಫೈಯರ್ ಹಿಂದೆ ಫೋನೋ ಅಂತ ಬರೆದ ಜಾಗ ಇಲ್ಲದಿದ್ರೆ ಚಿಕ್ಕ ಡಬ್ಬಿ ಒಂದು ತಗೋಬೇಕು. ಗುಂಯ್ ಅಂತ ಸದ್ದು ಬಂದ್ರೆ ಅರ್ತ್ ವೈರ್ ಸಿಕ್ಕಿಸಿಲ್ಲ.

ಕೇಳೋಕೆ ಕೂರೋ ಮೊದ್ಲು ಎಡ ಬಲ ಸ್ಪೀಕರ್ ಸರಿ ಇದೆಯಾ ನೋಡಿ. ಆರ್ಗನ್ನೂ ಗಿಟಾರೂ ಈ ಪ್ಲೇಟಲ್ಲಿ ಒಂದೊಂದು ಕಡೆ ನಿಂತಿರತ್ತೆ, ಎರಡೂ ಮಧ್ಯದಿಂದ ಒಟ್ಟಿಗೆ ಕಲಸಿ ಬರ್ತಿದ್ರೆ ಎಲ್ಲೋ ವೈರ್ ತಪ್ಪಿದೆ. ಇದು ಸಣ್ಣ ವಿಷಯ ಅಲ್ಲ, ಯಾಕಂದ್ರೆ ಜಾನ್ ಲಾರ್ಡ್ ತನ್ನ ಹ್ಯಾಮಂಡ್ ಆರ್ಗನ್ನನ್ನ ಗಿಟಾರಿನವರು ಬಳಸೋ ಮಾರ್ಷಲ್ ಆಂಪಿಗೆ ಸಿಕ್ಕಿಸಿ ನುಡಿಸ್ತಿದ್ದ, ಎಷ್ಟೋ ಜಾಗದಲ್ಲಿ ಗರ್ಜಿಸ್ತಿರೋದು ಗಿಟಾರಾ ಆರ್ಗನ್ನಾ ಅಂತ ಗೊತ್ತಾಗೋದು ಯಾವ ಕಡೆಯಿಂದ ಬರ್ತಿದೆ ಅನ್ನೋದ್ರ ಮೇಲೇ. ಕ್ಯಾಸೆಟ್ಟನ್ನ ಎಡ ಬಲ ಬೇರೆ ಮಾಡದ ಮೋನೋ ಟೇಪ್‌ರೆಕಾರ್ಡರಲ್ಲಿ ಕೇಳಿದ ನನಗೆ 'ಹೈವೇ ಸ್ಟಾರ್'ನಲ್ಲಿ ಮೊದಲು ಬರೋ ಸೋಲೋ ಪೂರ್ತಿ ಆರ್ಗನ್ನು ಅಂತ ತಿಳಿದಿದ್ದೇ ಪ್ಲೇಟಲ್ಲಿ.

ದಿನಕ್ಕೆ ಒಂದೇ ಸೈಡು ಕೇಳಿ, ನನ್ನ ಸಲಹೆ ಇದು. ಒಂದೊಂದು ಸೈಡೂ ಇಪ್ಪತ್ತು ನಿಮಿಷದ ಆಸುಪಾಸು, ಬರೀ ಎರಡು ಹಾಡು, ಕೊನೇದರಲ್ಲಿ ಒಂದೇ. ಎರಡನೇ ಸೈಡು ತಿರುಗಿಸಿದಾಗ ಚೀಟಿ ತೆಗೀರಿ. 'ಸ್ಮೋಕ್' ಮುಗಿದು 'ದ ಮ್ಯೂಲ್' ಶುರುವಾಗೋವಾಗ ನೀವು ಒಸಾಕಾದಿಂದ ಎರಡು ದಿನ ದಾಟಿ ಟೋಕಿಯೋಗೆ ಬಂದಿರ್ತೀರ. ಚಪ್ಪಾಳೆ, ಹಾಲಿನ ಗುಂಗು ಎರಡನ್ನೂ ಗಮನ ಇಟ್ಟು ಕೇಳಿ, ಬುಡೋಕಾನ್ ಕಟ್ಟಿದ್ದು ಜೂಡೋ ಪಂದ್ಯಕ್ಕೆ, ಫೆಸ್ಟಿವಲ್ ಹಾಲ್ ಸಂಗೀತಕ್ಕೆ ಅಂತಾನೇ ಇದ್ದ ಜಾಗ. 'ದ ಮ್ಯೂಲ್' ಅಂದ್ರೆ ಹೆಚ್ಚುಕಮ್ಮಿ ಇಯಾನ್ ಪೇಸ್‌ನ ತನಿ ಆವರ್ತನ, ಡ್ರಮ್ ಸೋಲೋ ಬಂತು ಅಂತ ಮುಳ್ಳು ಎತ್ತಬೇಡಿ, ನನ್ನ ಕ್ಯಾಸೆಟ್ಟಲ್ಲಿ ಅದು ಇಲ್ದೇ ಇದ್ದಿದ್ದು ಎಷ್ಟು ದೊಡ್ಡ ನಷ್ಟ ಅಂತ ಈಗ ಗೊತ್ತಾಗ್ತಿದೆ. ಮೂರನೇ ಸೈಡಿನ 'ಸ್ಟ್ರೇಂಜ್ ಕೈಂಡ್ ಆಫ್ ವುಮನ್'ನಲ್ಲಿ ಗಿಟಾರು ಒಂದು ಸಾಲು ನುಡಿಸೋದು, ಗಿಲನ್ ಅದನ್ನೇ ಗಂಟಲಲ್ಲಿ ವಾಪಸ್ ಕೊಡೋದು, ಬ್ಲ್ಯಾಕ್‌ಮೋರ್ ಇನ್ನೂ ಕಷ್ಟದ್ದು ಹಾಕೋದು. ಸವಾಲ್ ಜವಾಬ್ ಕೇಳಿ ಬೆಳೆದವರಿಗೆ ಇದನ್ನ ಯಾರೂ ಬಿಡಿಸಿ ಹೇಳ್ಬೇಕಿಲ್ಲ.

ಇದು ರೂಢಿ ಆದ್ಮೇಲೆ ಬೇರೆ ಲೈವ್ ಪ್ಲೇಟುಗಳಿಗೆ ಹೋಗಿ. 1969ರ ಸೆಪ್ಟೆಂಬರ್ 24 ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಲ್ಲಿ ಆರ್ಕೆಸ್ಟ್ರಾ ಜೊತೆ ನುಡಿಸಿದ 'ಕನ್ಸರ್ಟೋ' ಇದೆ, ಬರೆದಿದ್ದು ಜಾನ್ ಲಾರ್ಡ್. ಗಿಲನ್, ಗ್ಲೋವರ್ ಬಿಟ್ಟು ಹೋದ್ಮೇಲಿನ 'ಮೇಡ್ ಇನ್ ಯೂರೋಪ್' ಇದೆ, ಡೇವಿಡ್ ಕವರ್‌ಡೇಲ್ ಹಾಡಿರೋದು, 1975ರಲ್ಲಿ ರೆಕಾರ್ಡ್ ಆಗಿದ್ದು. 1995ರಲ್ಲಿ ಬಾಂಬೆಗೆ ಬಂದಾಗ ನುಡಿಸಿದ್ದು ಕೂಡ 'ಬಾಂಬೆ ಕಾಲಿಂಗ್' ಅಂತ ಬಂದಿದೆ, ಆಗಷ್ಟೇ ಸ್ಟೀವ್ ಮೋರ್ಸ್ ಗಿಟಾರಿಗೆ ಸೇರ್ಕೊಂಡಿದ್ದ ಹೊಸತು. 2001ರಲ್ಲಿ ಬೆಂಗಳೂರು ಪ್ಯಾಲೇಸ್ ಗ್ರೌಂಡ್ಸಿಗೆ ಬಂದಾಗ್ಲೂ ಅದೇ ತಂಡ, ಜಾನ್ ಲಾರ್ಡ್ ಇನ್ನೂ ಇದ್ರು. ನಾನೂ, ಆ ಕ್ಯಾಸೆಟ್ ತಂದಿದ್ದ ಅಣ್ಣನೂ ಹೋಗಿದ್ವಿ, ತುಂಬಾ ಹಿಂದೆ ನಿಂತಿದ್ವಿ, ಆರ್ಗನ್ನಿನ ಗುಡುಗು ಎದೆಗೂಡಿಗೆ ಬಡೀತಿತ್ತು. ಲಾರ್ಡ್ 2012ರಲ್ಲಿ ತೀರ್ಕೊಂಡ್ರು.

ಇಡೋದು ಹೇಗೆ ಅಂದ್ರೆ ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸ್ಬೇಡಿ, ಗೋಡೆಗೆ ಅಂಟಿದ ಹಾಗೆ ಇಡ್ಬೇಡಿ, ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ತಿಂಗಳಿಗೊಂದು ಸಲ ಬದಲಾಯಿಸಿ.

ನಾಲ್ಕನೇ ಸೈಡು ಕೊನೆಗೆ ಇಟ್ಕೊಳ್ಳಿ, ಮನೆ ಖಾಲಿ ಇರೋ ದಿನ. ಇಡೀ ಸೈಡು ಒಂದೇ ಹಾಡು, 'ಸ್ಪೇಸ್ ಟ್ರಕಿನ್', ಇಪ್ಪತ್ತು ನಿಮಿಷಕ್ಕೆ ಕೆಲವೇ ಸೆಕೆಂಡ್ ಕಮ್ಮಿ. ಅಣ್ಣನನ್ನೂ ಕರೆಸ್ಕೊಂಡಿದ್ದೆ, ಈಗ ಹಾಸನದಲ್ಲಿ ಇದ್ದಾನೆ, ಬಸ್ ಹತ್ತಿ ಬಂದ. ಹತ್ತು ನಿಮಿಷ ಆಗ್ತಿದ್ದ ಹಾಗೆ ಇಬ್ರೂ ಸ್ಪೀಕರ್ ನೋಡೋದು ಬಿಟ್ಟು ಮುಖ ಮುಖ ನೋಡ್ಕೊಂಡ್ವಿ, ಟೇಪು ಕಟ್ ಆಗ್ತಿದ್ದ ಜಾಗ ಇಬ್ರಿಗೂ ಬಾಯಿಪಾಠ. ಆರ್ಗನ್ ನಿಲ್ಲಲಿಲ್ಲ. ಮುಂದೆ ಹೋಯ್ತು, ಮೆತ್ತಗಾಯ್ತು, ಬ್ಲ್ಯಾಕ್‌ಮೋರ್ ಗಿಟಾರ್ ಒಳಗೆ ಬಂತು, ಪೇಸ್ ಮತ್ತೆ ಏರಿಸ್ದ, ಎಲ್ಲಾ ಸೇರಿ ಕುಸಿದು ಬಿದ್ದ ಹಾಗೆ ಮುಗೀತು, ಜಪಾನಿನ ಜನ ಕೂಗ್ತಾ ಇದ್ರು. 'ಇಷ್ಟು ಉಳಿದಿತ್ತೇನೋ' ಅಂದ ಅಣ್ಣ. ಮುಳ್ಳು ಲೇಬಲ್ ಹತ್ರದ ಖಾಲಿ ಗೆರೇಲಿ ಸುತ್ತುತಾ ಇತ್ತು, ಎದ್ದು ಹೋಗಿ ಎತ್ತಿಟ್ಟೆ, ನೀವೂ ಅದನ್ನ ಮಾತ್ರ ಮರೀಬೇಡಿ, ಸುಮ್ನೆ ಸುತ್ತೋಕೆ ಬಿಟ್ರೆ ಮುಳ್ಳು ಸವೆಯತ್ತೆ.